ಘಟದ ಗೋದಿ

ಗಿಡದೊಳಗೆ ಹೊರಗಿನ ಜೀನು ಯಾವ ದಿನ ಹೊಕ್ಕಿತು ಎಂಬುದನ್ನು ಆ ಗಿಡದಿಂದಲೇ ತಿಳಿದು ಹೇಳುವ ಯಂತ್ರವೊಂದು ಬಂದರೆ ಏನಾದೀತು? ಬಂತು, ಏನೇನೋ ಆಯಿತು. ಮೊದಲನೆಯದಾಗಿ ಪೇಟೆಂಟ್ ಕಾನೂನು ಮಗುಚಿಕೊಂಡಿತು. ಅಲ್ಲಿಯವರೆಗೆ ಅರ್ಜಿಯನ್ನು ಯಾರು ಮೊದಲು ಹಾಕಿದರೋ ಅವರದೇ ಹಕ್ಕು. ಕೈಯಲ್ಲಿ ವಕೀಲರಿದ್ದವರು ಮುಂದೆ, ಉಳಿದವರು ಹಿಂದೆ. ಈಗ ಕೆಲಸವನ್ನು ಯಾರು ಮೊದಲು ಮಾಡಿದರೋ ಅವರಿಗೆ ಹಕ್ಕು, ಅದಕ್ಕೆ ಗಿಡವೇ ಸಾಕ್ಷಿ ಎಂದಾಯಿತು. ಸತ್ಯ ಹೇಳುವುದಕ್ಕೆ ಕೊನೆಗೂ ಒಂದು ಯಂತ್ರ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಬರೆಯುವವರಿಗೇನು, ಬರೆಯುತ್ತಾರೆ.

ಯಂತ್ರ ಕೆಲಸ ಮಾಡುವ ರೀತಿ ದೊಡ್ಡ ಗುಟ್ಟೇನಲ್ಲ. ಗಿಡಕ್ಕೆ ಸೇರಿಸುವ ಜೀನಿನ ಚೂರಿಗೆ ಒಂದು ಬಾಲವಿರುತ್ತದೆ. ಪ್ರತಿ ಬೆಳಗು ಗಿಡ ಎಚ್ಚರಗೊಳ್ಳುವಾಗ ಆ ಬಾಲದಲ್ಲಿ ಒಂದು ಅಕ್ಷರ ಸವೆಯುತ್ತದೆ. ಸವೆದ ಅಕ್ಷರಗಳನ್ನು ಎಣಿಸಿದರೆ ಎಷ್ಟು ಬೆಳಗು ಕಳೆದವೆಂದು ಗೊತ್ತಾಗುತ್ತದೆ, ಅಷ್ಟು ದಿನ ಹಿಂದೆ ಹೋದರೆ ತಾರೀಖು ಸಿಗುತ್ತದೆ. ಆದರೆ ಎರಡು ಕಟ್ಟಳೆ. ಮೊಟ್ಟಮೊದಲ ಬುಡವೇ ಬೇಕು. ಅದರಿಂದ ಸೀಳಿ ನೆಟ್ಟ ಸಸಿಗಳಲ್ಲಿ ಎಣಿಕೆ ಹೊಸದಾಗಿ ಶುರುವಾಗಿರುತ್ತದೆ. ಮತ್ತೆ ಆ ಬುಡವನ್ನು ಒಂದು ಚೂರೂ ಉಳಿಸಿಕೊಳ್ಳದೆ ಬೇರುಸಮೇತ ಅರೆದು ಯಂತ್ರಕ್ಕೆ ಹಾಕಬೇಕು, ಒಂದು ಎಲೆ ಹರಿದುಕೊಟ್ಟರೆ ಸಾಲದು. ಧಾರವಾಡದ ಸಸ್ಯಕೋಶ ಕೇಂದ್ರದ ಜನ ಆ ಯಂತ್ರವನ್ನು 'ಪಂಚಾಂಗ' ಎನ್ನುತ್ತಿದ್ದರು. ಆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾಟಲಿ ತೊಳೆಯುತ್ತಿದ್ದ ಚಂದ್ರವ್ವ ಕುಬಸದ ಎಂಬವಳಿಗೆ ಈ ಪಂಚಾಂಗದಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ಮೇ ತಿಂಗಳ ಒಂದು ಮುಂಜಾನೆ ಬೆಂಗಳೂರಿನ ಶೋಧಹಕ್ಕು ನ್ಯಾಯಪೀಠದ ಕಡೆಯಿಂದ ಮೂವರು ಅವಳ ಮನೆಗೆ ಬಂದರು. ಚಂದ್ರವ್ವ ಆಗ ಅಡಿಗೆಮನೆಯಲ್ಲಿ ಗೋದಿ ಹುಲ್ಲನ್ನು ಕತ್ತರಿಸಿ ಮಿಕ್ಸಿಗೆ ಹಾಕುತ್ತಿದ್ದಳು. ಅದು ಎಲ್ಲರ ಹೊಲದ ಗೋದಿಯಲ್ಲ. ತೆನೆ ಬಿಡುವುದಿಲ್ಲ, ಒಣಗುವುದಿಲ್ಲ, ಕೊಯ್ದಷ್ಟೂ ಚಿಗುರುತ್ತದೆ, ಮತ್ತು ಅದರ ಎಲೆಯಲ್ಲಿ ಮನುಷ್ಯನ ಮೈಯ ಒಂದು ಕಿಣ್ವ ತಯಾರಾಗುತ್ತದೆ. ಅವಳ ಮಗಳು ಕಸ್ತೂರಿಯ ಮೈಯಲ್ಲಿ ಆ ಕಿಣ್ವ ಹುಟ್ಟಿನಿಂದಲೇ ಇಲ್ಲ. ಅದಿಲ್ಲದಿದ್ದರೆ ಮೊದಲು ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಎದೆಯದು, ಕೊನೆಗೆ ಉಸಿರು. ಹದಿನಾಲ್ಕು ತಿಂಗಳಿಂದ ದಿನಕ್ಕೊಂದು ಲೋಟ ರಸ ಕುಡಿದು, ಗೋಡೆ ಹಿಡಿದು ನಡೆಯುತ್ತಿದ್ದ ಹದಿನೇಳರ ಹುಡುಗಿ ಈಗ ಓಣಿಯ ತುಂಬ ಸೈಕಲ್ ಹೊಡೆಯುತ್ತಿದ್ದಳು.

ಬಂದವರ ಕೈಯಲ್ಲಿ ತಡೆಯಾಜ್ಞೆ ಇತ್ತು. ಈ ಗೋದಿಯನ್ನು ಮಾಡಿದ ವಿಧಾನ ತನ್ನದೆಂದು ವರ್ಡೋಲಿಸ್ ಎಂಬ ಹೊರದೇಶದ ಕಂಪನಿ ಹೇಳುತ್ತಿದೆ. ತನ್ನದೆಂದು ಧಾರವಾಡದ ಕೇಂದ್ರ ಹೇಳುತ್ತಿದೆ. ಇಬ್ಬರಲ್ಲಿ ಮೊದಲು ಮಾಡಿದವರು ಯಾರೆಂದು ತೀರ್ಮಾನವಾಗುವ ತನಕ ಅಂಥ ಗಿಡ ಯಾರ ಮನೆಯಲ್ಲೂ ಇರಕೂಡದು. ಎಲ್ಲ ಡಬ್ಬಿಗಳನ್ನು ತಂದು ಕೇಂದ್ರದ ಗಾಜಿನಮನೆಯಲ್ಲಿಟ್ಟು ಬೀಗಮುದ್ರೆ ಮಾಡುವುದು. ಅಲ್ಲಿ ನೀರು ತಾನಾಗಿ ಬೀಳುತ್ತದೆ, ಗಿಡಗಳಿಗೆ ಯಾವ ತೊಂದರೆಯೂ ಇಲ್ಲ. ಕೇಂದ್ರದಿಂದ ಸಸಿ ಪಡೆದು ಅದೇ ರಸ ಕುಡಿದು ಬದುಕಿದ್ದ ಮೂವತ್ತೊಂದು ಮಕ್ಕಳ ಬಗ್ಗೆಯೂ ಆಜ್ಞೆಯಲ್ಲಿ ಒಂದು ಸಾಲಿತ್ತು: 'ಪರ್ಯಾಯ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.' ಪರ್ಯಾಯ ಯಾವುದೂ ಇರಲಿಲ್ಲ.

ಹಿತ್ತಲಿನ ಎರಡು ಡಬ್ಬಿ ಎತ್ತಿಕೊಂಡ ಮೇಲೆ ಅವರಲ್ಲಿ ಹಿರಿಯನು ಒಳಗಿನ ಕತ್ತಲೆ ಕೋಣೆಯತ್ತ ಕತ್ತು ಉದ್ದ ಮಾಡಿದ.

"ಅದು ದೇವರ ಖೋಲಿ ಐತ್ರಿ," ಎಂದಳು ಚಂದ್ರವ್ವ. "ಬೂಟು ಕಳದು, ಕಾಲು ತೊಳಕೊಂಡು ಹೋಗ್ರಿ. ನೀರು ಮಾತ್ರ ಇಲ್ರಿ. ಓಣಿಗೆ ನೀರು ಬರೂದು ಎಂಟ ದಿನಕ್ಕೊಮ್ಮೆ, ನಾಡಿದ್ದ ಬರ್ತೈತಿ."

ಆತ ಮೊಣಕಾಲಿನವರೆಗೆ ದಾರ ಕಟ್ಟಿದ ತನ್ನ ಬೂಟು ನೋಡಿಕೊಂಡು, ಪಟ್ಟಿಯಲ್ಲಿ 'ಒಳಗೆ ಏನೂ ಇಲ್ಲ' ಎಂದು ಬರೆದುಕೊಂಡು ಹೋದ. ಒಳಗೆ, ಎಲ್ಲಮ್ಮನ ಫೋಟೋದ ಹಿಂದೆ, ತುಕ್ಕು ಹಿಡಿದ ಡಾಲ್ಡಾ ಡಬ್ಬಿಯಲ್ಲಿ ಮೊಟ್ಟಮೊದಲ ಬುಡ ಇತ್ತು. ದಿನಕ್ಕೆ ಒಂದೇ ಒಂದು ಲೋಟ ರಸಕ್ಕೆ ಸಾಕಾಗುವಷ್ಟು ಹುಲ್ಲು.

ಹತ್ತು ದಿನ ಬಿಟ್ಟು ಡಾ. ಶ್ರೀಪಾದ ಗಲಗಲಿ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಗಲಗಲಿಯವರು ಕೇಂದ್ರದ ಹಿರಿಯ ವಿಜ್ಞಾನಿ, ಕೆಟ್ಟ ಮನುಷ್ಯರೇನಲ್ಲ. ಒಂದು ವರ್ಷ ಆಯುಧಪೂಜೆಗೆಂದು ಕೇಂದ್ರಕ್ಕೆ ಬಂದಿದ್ದ ಕಸ್ತೂರಿ ಕಾಲೆಳೆಯುತ್ತ ಆರತಿ ತಟ್ಟೆ ಹಿಡಿದದ್ದನ್ನು ನೋಡಿ, ಮಾಡುವುದೇ ಆದರೆ ಈ ಕಿಣ್ವವನ್ನೇ ಮಾಡೋಣ ಎಂದು ಹೊರಟವರು ಅವರೇ. ನಾಲ್ಕು ವರ್ಷ ಮಾಡಿದರು, ನಾಲ್ಕು ವರ್ಷವೂ ಸೋತರು. ಜೀನನ್ನು ಹೊತ್ತೊಯ್ಯುವ ಬ್ಯಾಕ್ಟೀರಿಯಾ ಗೋದಿಯ ಹೊಸ್ತಿಲಲ್ಲೇ ನಿಲ್ಲುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ.

ಅದು ಒಳಗೆ ಹೋದದ್ದು ಹೋದ ವರ್ಷಕ್ಕೂ ಹಿಂದಿನ ವರ್ಷ, ಚಂದ್ರವ್ವನ ದೇವರ ಕೋಣೆಯಲ್ಲಿ. ನವರಾತ್ರಿಯ ಮೊದಲ ದಿನ ಅವರ ಕಡೆ ಘಟ ಹಾಕುತ್ತಾರೆ. ದೇವರ ಮುಂದೆ ಮಣ್ಣು ಹರವಿ, ನಡುವೆ ಕೊಡವಿಟ್ಟು, ಸುತ್ತ ಮೊಳಕೆ ಬಂದ ಗೋದಿ ಬಿತ್ತಿ, ಒಂಬತ್ತು ದಿನ ನಂದಾದೀಪವೊಂದನ್ನು ಬಿಟ್ಟರೆ ಬೇರೆ ಬೆಳಕಿಲ್ಲದ ಹಾಗೆ ಕಾಪಾಡುತ್ತಾರೆ. ಅದಕ್ಕೆ ಚಿಮುಕಿಸುವುದು ಮಡಿನೀರೇ ಆಗಬೇಕು. ಆ ಸಲ ನಳದಲ್ಲಿ ನೀರು ಬಂದು ಆರು ದಿನವಾಗಿತ್ತು, ಹಂಡೆಯ ತಳದಲ್ಲಿ ಹುಳ ಆಡುತ್ತಿತ್ತು. ಕೇಂದ್ರದಲ್ಲಿ ಬಟ್ಟಿ ಇಳಿಸಿ, ಒತ್ತಡದಲ್ಲಿ ಕುದಿಸಿ, ಮುಚ್ಚಳ ಬಿಗಿದಿಡುವ ನೀರನ್ನು ದಿನವೂ ನೋಡುತ್ತಿದ್ದ ಚಂದ್ರವ್ವನಿಗೆ ಇದಕ್ಕಿಂತ ಮಡಿನೀರು ಜಗತ್ತಿನಲ್ಲೇ ಇಲ್ಲ ಎನಿಸಿತು. ಒಂದು ಬಾಟಲಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ತಂದದ್ದು ಪಕ್ಕದ ಬಾಟಲಿ. ಅದರಲ್ಲಿ ಗಲಗಲಿಯವರ ಬ್ಯಾಕ್ಟೀರಿಯಾ ಇತ್ತು.

ಕತ್ತಲಲ್ಲಿ ಬೆಳೆದ ಎಳೆ ಗೋದಿ ಬಾಗಿಲು ತೆರೆದು ಮಲಗಿರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಹತ್ತನೆಯ ದಿನ, ದಸರೆಯಂದು, ಆ ಹಳದಿ ಸಸಿಗಳನ್ನು ಪದ್ಧತಿಯಂತೆ ಬನ್ನಿಯ ಜೊತೆ ಓಣಿಯ ನಲವತ್ತು ಮನೆಗೆ ಹಂಚಿದಳು, ಹೆಣ್ಣುಮಕ್ಕಳ ತಲೆಗೆ ಮುಡಿಸಿದಳು, ಉಳಿದದ್ದನ್ನು ಕೆರೆಗೆ ಬಿಟ್ಟಳು. ಕಸ್ತೂರಿ ಆಟಕ್ಕೆಂದು ಒಂದು ಹಿಡಿಯನ್ನು ಡಾಲ್ಡಾ ಡಬ್ಬಿಯಲ್ಲಿ ನೆಟ್ಟಳು. ಯುಗಾದಿ ಬಂದರೂ ಅದು ತೆನೆ ಬಿಡದೆ ಹಸಿರಾಗಿಯೇ ಇದ್ದದ್ದನ್ನು ಕಂಡು ಬೆರಗಾಗಿ, ಚಂದ್ರವ್ವ ಡಬ್ಬಿಯನ್ನು ಎತ್ತಿಕೊಂಡು ಗಲಗಲಿಯವರ ಹತ್ತಿರ ಓಡಿದ್ದಳು. ಅವರು ಪರೀಕ್ಷಿಸಿ, ಬಾಟಲಿಯ ಕಥೆ ಕೇಳಿ, ಅದನ್ನೇ ಲ್ಯಾಬಿನಲ್ಲಿ ಮಾಡಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದದ್ದು ಹೋದ ವರ್ಷದ ಏಪ್ರಿಲ್ ಹನ್ನೊಂದಕ್ಕೆ.

"ಚಂದ್ರವ್ವ, ಕೂಡ್ರಿ," ಎಂದರು ಗಲಗಲಿ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ತೋರಿಸಿದ್ದು ಇದೇ ಮೊದಲು. ಅವಳು ಅಂಚಿನಲ್ಲಿ ಕೂತಳು.

"ಕಂಪನಿಯವರು ತಮ್ಮ ಗಿಡ ಪಂಚಾಂಗಕ್ಕ ಹಾಕಿಸ್ಯಾರ. ಅಕ್ಟೋಬರ್ ಇಪ್ಪತ್ತೊಂಬತ್ತು ಅಂತ ಬಂದದ. ನನ್ನ ನೋಟ್‌ಬುಕ್ ಹಿಡಕೊಂಡು ಹೋದ್ರ ನಾವು ಸೋತ್ವಿ. ನಿಮ್ಮ ಘಟ ಅದಕ್ಕಿಂತ ಇಪ್ಪತ್ತೈದು ದಿನ ಮೊದಲಿಂದು. ಆ ಡಬ್ಬಿ ಇನ್ನೂ ಅದ ಅಲ್ಲಾ?"

ಚಂದ್ರವ್ವ ಬಾಗಿಲ ಕಡೆ ನೋಡಿದಳು.

"ನಾ ಯಾರಿಗೂ ಹೇಳೂದಿಲ್ಲ. ಸೋತ್ರ ಗಾಜಿನಮನಿ ಬೀಗ ತಗಿಯೂದಿಲ್ಲ, ಎಲ್ಲಾ ಗಿಡ ಸುಡ್ತಾರ. ಗೆದ್ರ ಮರುದಿನನ ಮೂವತ್ತೊಂದು ಮನಿಗೂ ವಾಪಸ್. ಆದ್ರ ಡಬ್ಬಿ ಹದಿನೈದು ದಿನ ಮೊದಲ ನ್ಯಾಯಪೀಠಕ್ಕ ಒಪ್ಪಿಸಬೇಕು."

"ಆ ಹದಿನೈದು ದಿನ ಕಸ್ತೂರಿ ಏನ ಕುಡೀಬೇಕ್ರಿ?"

ಗಲಗಲಿ ಕನ್ನಡಕ ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸಿದರು.

"ಇನ್ನೊಂದು ಮಾತು ಅದ," ಎಂದರು. "ತಾರೀಖು ಒಂದ ಸಾಲೂದಿಲ್ಲ. ಗೊತ್ತಿಲ್ಲದ ಆಗಿದ್ದಕ್ಕ ಕಾನೂನು ಶೋಧ ಅನ್ನೂದಿಲ್ಲ. ಏನ್ ಮಾಡ್ಲಿಕ್ಕತ್ತೀನಿ ಅಂತ ಮಾಡಿದವರಿಗೆ ಆವತ್ತ ಗೊತ್ತಿರಬೇಕು. ಅದನ್ನ ಅವರು ನಿಮಗ ಕೇಳ್ತಾರ."

"ನಂಗೇನ ಗೊತ್ತಿತ್ರಿ ಸಾಹೇಬ್ರ? ನಾ ಪೂಜಿ ಮಾಡಾಕತ್ತಿದ್ದೆ."

ಗಲಗಲಿ ಕಿಟಕಿಯ ಕಡೆ ಮುಖ ತಿರುಗಿಸಿದರು. "ಈಗ ನೀವು ಹೇಳಿದ್ದು ನಾ ಕೇಳಿಲ್ಲ," ಎಂದರು.

ಚಂದ್ರವ್ವ ಮನೆಗೆ ಬಂದಾಗ ಅಕ್ಕ ಗುರವ್ವ ಕಟ್ಟೆಯ ಮೇಲೆ ಕೂತು ಕಸ್ತೂರಿಯ ಜಡೆ ಹಾಕುತ್ತಿದ್ದಳು. ಗುರವ್ವನ ಮನೆ ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ. ಅಕ್ಕತಂಗಿ ಇಬ್ಬರನ್ನೂ ಸೋದರಮಾವನ ಇಬ್ಬರು ಗಂಡುಮಕ್ಕಳಿಗೇ ಕೊಟ್ಟಿದ್ದರು. ರಕ್ತ ಒಂದೇ ಆದದ್ದರಿಂದ ಕಾಯಿಲೆಯೂ ಎರಡೂ ಮನೆಗೆ ಬಂತೆಂದು ಡಾಕ್ಟರು ಹೇಳಿದ್ದರು. ಗುರವ್ವನ ಒಬ್ಬಳೇ ಮಗಳು ಲಕ್ಕವ್ವ ಇಪ್ಪತ್ತು ತುಂಬುವ ಮೊದಲೇ, ಸಂಕ್ರಾಂತಿ ಇನ್ನೆರಡು ದಿನ ಇದೆ ಎನ್ನುವಾಗ ತೀರಿಕೊಂಡಳು. ಡಬ್ಬಿಯ ಗುಣ ಗೊತ್ತಾದದ್ದು ಅದಾಗಿ ಎರಡೂವರೆ ತಿಂಗಳಿಗೆ, ಯುಗಾದಿಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ತಂಗಿಯ ಮಗಳ ಲೋಟ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಗುರವ್ವ ದಿನಾ ಬೆಳಿಗ್ಗೆ ಬಂದು ಕಸ್ತೂರಿ ಕುಡಿಯುವುದನ್ನು ನೋಡಿಯೇ ಚಹಾ ಕುಡಿಯುತ್ತಿದ್ದಳು.

ಗುರವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹಿಂದೆ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದವರು ಯಾರೆಂದು ಕೇಳಿದಾಗ ತನ್ನ ಗಂಡನ ಹೆಸರನ್ನೇ ಹೇಳಿ ಬಂದವಳು. ಓಣಿಯವರು ಗುಟ್ಟಿನ ಮಾತಾಡುವಾಗ ಅವಳು ಬಂದರೆ ಸೊಪ್ಪಿನ ಸುದ್ದಿ ತೆಗೆಯುತ್ತಿದ್ದರು.

ಚಂದ್ರವ್ವ ಡಬ್ಬಿಯ ಸಂಗತಿಯನ್ನೆಲ್ಲ ಹೇಳಿದಳು. 'ಗೊತ್ತಿರಬೇಕು' ಎಂಬ ಮಾತೊಂದನ್ನು ಬಿಟ್ಟು.

"ಕೊಡು ಬೇ," ಎಂದಳು ಕಸ್ತೂರಿ. "ನಂಗೂ ದಿನಾ ಹುಲ್ಲು ಕುಡದು ಕುಡದು ಎಮ್ಮಿ ಆದಂಗಾಗೇತಿ. ಹದಿನೈದ ದಿನ ಚಹಾ ಕುಡೀತೇನಿ."

"ನಗಬ್ಯಾಡ. ಎದಿಗೆ ಬಂದ್ರ ಏನ ಮಾಡ್ತಿ?"

"ಉಳಿದ ಮೂವತ್ತ ಮಂದಿಗೆ ಈಗಾಗಲೇ ಬಂದೈತಿ ಅವ್ವಾ. ಗೋಕಾಕದ ಹುಡುಗಿ ನಿನ್ನೆಯಿಂದ ದವಾಖಾನಿಯಾಗ ಅದಾಳ. ನಾ ಒಬ್ಬಾಕಿ ದೇವರ ಹಿಂದ ಮುಚ್ಚಿಟ್ಟು ಕುಡೀಲೇನ?"

ಗುರವ್ವ ಜಡೆಗೆ ರಿಬ್ಬನ್ ಕಟ್ಟುತ್ತಿದ್ದವಳು ತಂಗಿಯ ಮುಖ ನೋಡಿದಳು. "ಕೊಡು ಚಂದ್ರೀ. ಸಾಕ್ಷಿ ಹೇಳೂ ದಿನ ನಾನೂ ನಿನ್ನ ಸಂಗಡ ಬರ್ತೇನಿ. ಒಬ್ಬಾಕಿ ಹೋದ್ರ ಅಂಜ್ತಿ ನೀ," ಎಂದಳು.

ಕೊಟ್ಟರು. ನಾಲ್ಕನೆಯ ದಿನ ಸೈಕಲ್ ಗೋಡೆಗೆ ಒರಗಿತು. ಎಂಟನೆಯ ದಿನ ಕಸ್ತೂರಿ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿದಳು, ಮರುದಿನ ಎತ್ತಲಿಲ್ಲ. ಹನ್ನೆರಡನೆಯ ದಿನ ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಕೂತೇ ನಿದ್ದೆ ಮಾಡಿದಳು. ಹದಿಮೂರನೆಯ ದಿನ ಅಪ್ಪ ಫಕ್ಕೀರಪ್ಪ ಅವಳನ್ನು ಎತ್ತಿಕೊಂಡು ದವಾಖಾನೆಗೆ ಒಯ್ದ. ಅಲ್ಲಿ ಮೂಗು ಬಾಯಿ ಮುಚ್ಚುವ ಮುಖವಾಡ ಕಟ್ಟಿ ಯಂತ್ರದಿಂದ ಗಾಳಿ ಒತ್ತುತ್ತಿದ್ದರು. ಇನ್ನೊಂದು ವಾರ ಈ ಯಂತ್ರ ಸಾಕಾಗುತ್ತದೆ, ಆಮೇಲೆ ಹೇಳಲಾಗದು ಎಂದರು ಡಾಕ್ಟರು. ಚಂದ್ರವ್ವ ಮಗಳ ಹಣೆ ಮುಟ್ಟಿ, ಅಕ್ಕನೊಂದಿಗೆ ಬೆಂಗಳೂರಿನ ರೈಲು ಹತ್ತಿದಳು.

ಶೋಧಹಕ್ಕು ನ್ಯಾಯಪೀಠ ಎಂದರೆ ಕೋರ್ಟೂ ಹೌದು, ಲ್ಯಾಬೂ ಹೌದು. ಒಂದು ಬದಿಗೆ ಅಧ್ಯಕ್ಷೆಯ ಎತ್ತರದ ಮೇಜು, ಇನ್ನೊಂದು ಬದಿಗೆ ಗಾಜಿನ ಗೋಡೆಯಾಚೆ ಪಂಚಾಂಗ. ನೋಡಲು ಮದುವೆಗೆ ಕೊಡುವ ಫ್ರಿಜ್ಜಿನಷ್ಟೇ ಇತ್ತು. ಬಿಳಿ ನಿಲುವಂಗಿಯವನು ಡಾಲ್ಡಾ ಡಬ್ಬಿಯ ಮುದ್ರೆ ಒಡೆದು, ಇದು ನಿಮ್ಮದೇ ಎಂದು ಚಂದ್ರವ್ವನಿಂದ ಹೇಳಿಸಿಕೊಂಡು, ಬುಡವನ್ನು ಕಿತ್ತು ನೀರಲ್ಲಿ ಜಾಲಿಸಿದ. ಬೇರುಗಳು ಬೆಳ್ಳಗೆ ಇಳಿಬಿದ್ದವು. ಎಲ್ಲವನ್ನೂ ಉಕ್ಕಿನ ಬಟ್ಟಲಿಗೆ ತುರುಕಿ ಗುಂಡಿ ಒತ್ತಿದ. ಅವಳ ಮನೆಯ ಮಿಕ್ಸಿಯದೇ ಸದ್ದು ಬಂತು. ಕಸ್ತೂರಿಯ ಒಂದು ಲೋಟ ಎಂದುಕೊಂಡಳು ಚಂದ್ರವ್ವ.

ಅರ್ಧ ಗಂಟೆಗೆ ಪರದೆಯ ಮೇಲೆ ಸಂಖ್ಯೆ ಮೂಡಿತು: ಆರುನೂರ ಹದಿನಾಲ್ಕು ಬೆಳಗು. ಗುಮಾಸ್ತೆ ಹಿಂದಕ್ಕೆ ಎಣಿಸಿ ಅಕ್ಟೋಬರ್ ನಾಲ್ಕು ಎಂದು ಓದಿದಳು. ನವರಾತ್ರಿಯ ಪಾಡ್ಯ. ಗಲಗಲಿಯವರ ಪಕ್ಕದಲ್ಲಿದ್ದವರು ಅವರ ಕೈ ಕುಲುಕಿದರು.

ಕಂಪನಿಯ ವಕೀಲ ಪೂಣಚ್ಚ ಅವಸರವಿಲ್ಲದೆ ಎದ್ದರು. ಮೆತ್ತಗೆ ಮಾತಾಡುವ ಮನುಷ್ಯ.

"ತಾರೀಖನ್ನು ನಾವು ಒಪ್ಪುತ್ತೇವೆ. ಚಂದ್ರವ್ವನವರೇ, ದೇವರ ಘಟಕ್ಕೆ ಚಿಮುಕಿಸಲು ಶುದ್ಧವಾದ ನೀರು ಬೇಕಿತ್ತು, ಅದಕ್ಕೆ ಬಾಟಲಿ ಒಯ್ದಿರಿ. ಬಾಟಲಿ ತಪ್ಪಿತು. ಅಷ್ಟೇ ತಾನೇ? ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ."

"ಬಾಟ್ಲಿ ತಪ್ಪಿಲ್ರಿ," ಎಂದಳು ಚಂದ್ರವ್ವ. "ಗೊತ್ತಿದ್ದ ಒಯ್ದೆ."

ಗಲಗಲಿ ನೆಲ ನೋಡುತ್ತಿದ್ದರು.

"ಏನು ಗೊತ್ತಿತ್ತು?"

ಅದನ್ನು ಅವಳು ರೈಲಿನಲ್ಲಿ ಕೂತು ನೂರು ಸಲ ಹೇಳಿಕೊಂಡಿದ್ದಳು. "ಸಾಹೇಬ್ರು ನಾಕ ವರ್ಷ ಭಾಳ ಬೆಳಕಿನಾಗ ಮಾಡಿದ್ರು. ಬೆಳಕಿನ್ಯಾಗ ಸಸಿ ಎಚ್ಚರ ಇರ್ತೈತಿ, ಹೊರಗಿಂದನ್ನ ಒಳಗ ಬಿಟಗೊಳ್ಳಂಗಿಲ್ಲ. ಘಟದಾಗಿನ ಸಸಿ ಕತ್ತಲದಾಗ ಮೈಮರತಿರ್ತೈತಿ. ಅಲ್ಲಿ ಹಾಕಿದ್ರ ಹೊಕ್ಕೈತಿ ಅಂತ ನಂಗ ಅನಿಸಿತ್ತು. ಬಾಟ್ಲಿ ತೊಳ್ಯಾಕಿ ಮಾತು ಯಾರ ಕೇಳ್ತಾರ್ರಿ? ಅದಕ್ಕ ಕೇಳಲಾರದ ಒಯ್ದು ಮಾಡಿದೆ."

ಅಧ್ಯಕ್ಷೆ ಬರೆದುಕೊಂಡರು. ಬಾಟಲಿ ತೊಳೆಯುವವಳ ಬಾಯಿಂದ ಇಂಥ ಮಾತು ಕೇಳಿ ಅವರಿಗೆ ಸಂತೋಷವಾದದ್ದು ಮುಖದಲ್ಲೇ ಕಾಣುತ್ತಿತ್ತು. ಗೆದ್ದೆ ಎಂದುಕೊಂಡಳು ಚಂದ್ರವ್ವ.

ಪೂಣಚ್ಚ ಒಂದು ಹಾಳೆ ತೆಗೆದರು. "ಲಕ್ಷ್ಮವ್ವ ಎಂಬ ಹುಡುಗಿ ನಿಮಗೇನಾಗಬೇಕು?"

ಗುರವ್ವ ಹಿಂದೆ ಮೂರನೆಯ ಸಾಲಿನಲ್ಲಿ, ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಕ್ಕನ ಮಗಳ್ರಿ. ಲಕ್ಕವ್ವ."

"ಅವಳಿಗೂ ಇದೇ ಕಾಯಿಲೆ ಇತ್ತು. ಆ ದಸರೆಯ ದಿನ ಬನ್ನಿ ಕೊಡಲು ಆ ಮನೆಗೆ ಹೋಗಿದ್ದಿರಾ?"

"ಹೋಗಿದ್ದೆ."

"ಘಟದ ಸಸಿ ಒಯ್ದಿದ್ದಿರಾ?"

"ಹೂಂ."

"ಏನು ಮಾಡಿದಿರಿ ಅದನ್ನು?"

"ಲಕ್ಕವ್ವನ ತಲ್ಯಾಗ ಮುಡಿಸಿದೆ."

"ಮುಡಿಸಿದಿರಿ." ಪೂಣಚ್ಚ ಹಾಳೆಯನ್ನು ಮೇಜಿನ ಮೇಲಿಟ್ಟರು. "ಅದರಲ್ಲಿ ಔಷಧಿಯ ಜೀನು ಹೊಕ್ಕಿದೆ ಎಂದು ನಿಮಗೆ ಗೊತ್ತಿತ್ತು. ಅರೆದು ಕುಡಿಸು ಅಂತ ಅಕ್ಕನಿಗೆ ಹೇಳಲಿಲ್ಲ, ಹೂವಿನ ಹಾಗೆ ಮುಡಿಸಿ ಬಂದಿರಿ. ಮೂರು ತಿಂಗಳಿಗೆ ಆ ಹುಡುಗಿ ಉಸಿರು ಸಿಗದೆ ಸತ್ತಳು. ಹೀಗೋ, ಇಲ್ಲವೇ ನಿಮಗೆ ಏನೂ ಗೊತ್ತಿರಲಿಲ್ಲ. ಎರಡರಲ್ಲಿ ಒಂದು ಹೇಳಿ ಅಮ್ಮಾ. ನಾನು ಕಾಯುತ್ತೇನೆ."

ಯಾವ ಹೆಂಗಸೂ ಮೊದಲನೆಯದನ್ನು ಒಪ್ಪಲಾರಳು ಎಂಬುದು ಪೂಣಚ್ಚರ ಲೆಕ್ಕ. ಮೂವತ್ತು ವರ್ಷದ ಅನುಭವಸ್ಥ, ಲೆಕ್ಕ ತಪ್ಪುವವರಲ್ಲ. ಆದರೆ ಅವರು ಮುಖವಾಡ ಕಟ್ಟಿಕೊಂಡ ಕಸ್ತೂರಿಯನ್ನು ನೋಡಿರಲಿಲ್ಲ. ಚಂದ್ರವ್ವ ಹಿಂದೆ ತಿರುಗಬೇಕೆಂದುಕೊಂಡಳು, ತಿರುಗಲಿಲ್ಲ. ತಿರುಗಿದರೆ ನಿಜ ಹೇಳಿಬಿಡುತ್ತೇನೆಂದು ಹೆದರಿದಳು.

"ಗೊತ್ತಿತ್ರಿ," ಎಂದಳು.

"ಗೊತ್ತಿದ್ದೂ ಹೇಳಲಿಲ್ಲ?"

"ಹೇಳಲಿಲ್ರಿ. ಮೊದಲ ಗಿಡ ಬದುಕ್ತೈತೋ ಇಲ್ಲೋ ನೋಡೂಣು ಅಂತ ಸುಮ್ನಿದ್ದೆ."

ಪೂಣಚ್ಚ ಮೇಜಿನ ಮೇಲಿನ ಹಾಳೆ ಎತ್ತಿಕೊಂಡು ಕೂತುಬಿಟ್ಟರು. ಅಂದೇ ಮಧ್ಯಾಹ್ನ ತೀರ್ಪು ಬಂತು. ಮೊದಲು ಮಾಡಿದವರು ಧಾರವಾಡದ ಕೇಂದ್ರದವರು, ತಡೆಯಾಜ್ಞೆ ರದ್ದು. ಚಂದ್ರವ್ವ ಹೊರಗೆ ಬಂದಾಗ ಬುತ್ತಿಯ ಚೀಲ ಬೆಂಚಿನ ಮೇಲೆ ಇತ್ತು, ಗುರವ್ವ ಇರಲಿಲ್ಲ.

ಮರುದಿನ ಗಾಜಿನಮನೆಯ ಬೀಗ ತೆಗೆದರು. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಕ್ಕಳ ಡಬ್ಬಿಗಳು ಮನೆಗೆ ಹೋದವು. ಗೋಕಾಕದ ಹುಡುಗಿಯದೂ ಇನ್ನೊಂದು ಮಗುವಿನದೂ ಅಲ್ಲೇ ಉಳಿದವು. ಕಸ್ತೂರಿಯ ಮುಖವಾಡ ಒಂಬತ್ತನೆಯ ದಿನ ಬಿಚ್ಚಿದರು. ಅದೇ ವಾರ ಚಂದ್ರವ್ವನಿಗೆ ಕೇಂದ್ರದಿಂದ ಎರಡು ಕಾಗದ ಬಂದವು. ಒಂದರಲ್ಲಿ, ವಿಧಾನದ ಮೊದಲ ಶೋಧಕಿ ಶ್ರೀಮತಿ ಚಂದ್ರವ್ವ ಕುಬಸದ ಎಂದು ಬಂಗಾರದ ಅಕ್ಷರವಿತ್ತು. ಇನ್ನೊಂದರಲ್ಲಿ, ಗೊತ್ತಿದ್ದೂ ಜೀವಾಣುವಿನ ಬಾಟಲಿಯನ್ನು ಹೊರಗೊಯ್ದ ತಪ್ಪಿಗೆ ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಎರಡಕ್ಕೂ ಗಲಗಲಿಯವರದೇ ಸಹಿ.

ಸಹಿ ಮಾಡಿದ ಮನುಷ್ಯ ತಾವೇ ಒಂದು ದಿನ ಮನೆಗೆ ಬಂದರು, ಕಾಲು ತೊಳೆದು ಕಟ್ಟೆಯ ಮೇಲೆ ಕೂತರು.

"ಕಂಪನಿ ಮೇಲ್ಮನವಿ ಹಾಕ್ಯದ. ನಿಮ್ಮ ಅಕ್ಕನ್ನ ಸಾಕ್ಷಿಗೆ ಕರೀತಾರ. ಚಂದ್ರವ್ವ ನಿಮ್ಮ ಮುಂದ ಏನಾದ್ರೂ ಬ್ಯಾರೆ ಹೇಳ್ಯಾಳೇನು ಅಂತ ಕೇಳ್ತಾರ."

"ಅಕ್ಕ ಸುಳ್ಳ ಹೇಳಾಕಿ ಅಲ್ರಿ."

"ಅದಕ್ಕ ಬಂದೆ."

"ಎಷ್ಟ ದಿನ ಐತ್ರಿ ಈ ಮನವಿ?"

"ಆರು ವರ್ಷ, ಏಳು ವರ್ಷ. ನಿಮ್ಮ ಮಾತು ಒಂದು ಕಡೆ ಸಡಲಾದ್ರೂ ಗಾಜಿನಮನಿಗೆ ಮತ್ತ ಬೀಗ ಬೀಳ್ತದ." ಗಲಗಲಿ ಚಹಾ ಬೇಡವೆಂದು ಎದ್ದರು.

ಬಾಗಿಲ ಹಿಂದೆ ನಿಂತು ಕೇಳಿದ ಕಸ್ತೂರಿ ಅಮ್ಮನ ಮುಂದೆ ಬಂದಳು. "ನೀ ಯುಗಾದಿಗೆ ಡಬ್ಬಿ ನೋಡಿ ಹೆಂಗ ಗಾಬರಿ ಆಗಿದ್ದಿ ಅಂತ ನಂಗ ಗೊತ್ತೈತಿ. ನಾ ಹೋಗಿ ದೊಡ್ಡವ್ವಗ ಹೇಳ್ತೇನಿ."

ಚಂದ್ರವ್ವ ಮಗಳ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡೇ ಬಿಟ್ಟಳು. ಕಸ್ತೂರಿ ಆಣೆ ಮಾಡಿ, ಹಿತ್ತಲಿಗೆ ಹೋಗಿ ಅತ್ತಳು. ಗುರವ್ವ ಆ ಮನೆಗೆ ಬರುವುದನ್ನು ಬಿಟ್ಟಿದ್ದಳು. ನಳದ ಹತ್ತಿರ ಎದುರಾದರೆ ಕೊಡವನ್ನು ಮತ್ತೊಂದು ಸೊಂಟಕ್ಕೆ ಬದಲಿಸಿಕೊಂಡು ಹೋಗುತ್ತಿದ್ದಳು. ಓಣಿಯವರು ಚಂದ್ರವ್ವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು, ಮನೆಗೆ ಹೋಗಿ ಅವಳನ್ನು ಬೈದರು. ಸ್ವಂತ ಅಕ್ಕನ ಮಗಳ ಮೇಲೆ ಪ್ರಯೋಗ ಮಾಡಿ ನೋಡಿದವಳು ಎಂದು ಅವಳಿಗೆ ಕೇಳಿಸುವ ಹಾಗೆಯೇ ಆಡಿಕೊಂಡರು.

ದಸರೆ ಬಂತು. ತಂಗಿ ಮೊದಲು ಅಕ್ಕನ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ಅವರ ತವರಿನ ಪದ್ಧತಿ. ಹೋಗದೆ ಇದ್ದರೆ ಬೇರೆಯೇ ಅರ್ಥ ಬರುತ್ತದೆ. ಚಂದ್ರವ್ವ ಈ ಸಲ ಘಟದ ಸಸಿಯನ್ನು ಮನೆಯಲ್ಲೇ ಬಿಟ್ಟು ಬರೀ ಬನ್ನಿಯ ಎಲೆ ಹಿಡಿದು ಹೋದಳು.

ಗುರವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಕಾಯುತ್ತಿದ್ದ ಹಾಗಿತ್ತು. ಅವಳ ಕೈಯಲ್ಲಿ ಒಂದು ಸಣ್ಣ ಪೌಡರ್ ಡಬ್ಬಿ. ಅದನ್ನು ತೆರೆದಳು. ಒಳಗೆ ಲಕ್ಕವ್ವನ ಕೆಂಪು ರಿಬ್ಬನ್, ಅದಕ್ಕೆ ಸಿಕ್ಕಿಸಿದ್ದ ಒಣಗಿದ ಗೋದಿ ಸಸಿ, ಹುಲ್ಲುಕಡ್ಡಿಯಂಥ ನಾಲ್ಕು ಎಳೆ.

"ನೀ ಮುಡಿಸಿದ್ದು," ಎಂದಳು. "ತಗದು ಇಟ್ಟಿದ್ದೆ. ಬೆಂಗಳೂರಿಂದ ಬಂದ ಮ್ಯಾಲ ನಿಮ್ಮ ಸಾಹೇಬ್ರ ಕಡೆ ಒಯ್ದು ಕೊಟ್ಟೆ. ಪರೀಕ್ಷಾ ಮಾಡಿ ಹೇಳಿದ್ರು. ಇದರಾಗೂ ಹೊಕ್ಕಿತ್ತಂತ. ನೆಟ್ಟಿದ್ರ ಬದುಕ್ತಿತ್ತಂತ."

ಚಂದ್ರವ್ವನಿಗೆ ಇದು ಗೊತ್ತಿರಲಿಲ್ಲ. ಗಲಗಲಿ ಇದನ್ನು ಅವಳಿಗೆ ಹೇಳಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕೋರ್ಟಿನ್ಯಾಗ ಹೇಳಿದ್ದು ಬಿಡು," ಎಂದಳು ಗುರವ್ವ. ದನಿ ತಗ್ಗಿಸಿದ್ದಳು, ಚಿಕ್ಕವರಿದ್ದಾಗ ತಂಗಿಯ ತಪ್ಪನ್ನು ಅವ್ವನಿಂದ ಮುಚ್ಚಿಡಲು ಮಾತಾಡುತ್ತಿದ್ದ ದನಿ. "ನನ್ನ ಮುಂದ ಹೇಳು ಚಂದ್ರೀ. ಗೊತ್ತಿರಲಿಲ್ಲ ಅಂತ ಹೇಳು. ನಾ ನಂಬ್ತೇನಿ."

ಆ ಮಾತು ನಾಲಗೆಯ ತುದಿಗೇ ಬಂದಿತ್ತು. ಹೇಳಿದರೆ ಅಕ್ಕ ಅಪ್ಪಿಕೊಳ್ಳುತ್ತಾಳೆ, ಇಬ್ಬರೂ ಕೂತು ಲಕ್ಕವ್ವನಿಗಾಗಿ ಅಳಬಹುದು. ಆಮೇಲೆ ಒಂದು ದಿನ ಪೂಣಚ್ಚ ಕೇಳಿದಾಗ ಅಕ್ಕ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ನಾಲ್ಕು ಮನೆ ಆಚೆ ಕಸ್ತೂರಿ ಸೈಕಲ್ಲಿನ ಗಂಟೆ ಬಾರಿಸುತ್ತ ಯಾರನ್ನೋ ದಾರಿ ಬಿಡಿ ಎಂದು ಕೂಗುತ್ತಿದ್ದಳು.

"ಗೊತ್ತಿತ್ತಕ್ಕಾ," ಎಂದಳು ಚಂದ್ರವ್ವ.

ಗುರವ್ವ ಪೌಡರ್ ಡಬ್ಬಿ ಮುಚ್ಚಿದಳು. ಹಬ್ಬದ ದಿನ ಕೊಟ್ಟ ಬನ್ನಿಯನ್ನು ಒಲ್ಲೆ ಎನ್ನುವಂತಿಲ್ಲ. ತಂಗಿಯ ಕೈಯಿಂದ ಎಲೆ ತೆಗೆದುಕೊಂಡು, ತನ್ನ ಸೆರಗಿನಿಂದ ಎರಡು ಎಲೆ ಅವಳ ಕೈಗಿಟ್ಟಳು. "ಬಂಗಾರ ತಗೊಂಡು ಬಂಗಾರದಂಗ ಇರೂಣು," ಎಂದು ಪ್ರತಿ ವರ್ಷದ ಮಾತನ್ನು ಪೂರ್ತಿ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿಕೊಂಡಳು.